ಡ್ಯುಯಲ್ ಬೂಟ್ ಬೇಕಾ, ಬೇಡವಾ? ವಿಂಡೋಸ್ ಜೊತೆ ಲಿನಕ್ಸ್ ಇಟ್ಟುಕೊಳ್ಳುವ ದಾರಿಗಳು

ಇಂಜಿನಿಯರಿಂಗ್ ಸೀಟು ಆಯ್ತು, ಹೊಸ ಲ್ಯಾಪ್‌ಟಾಪ್ ಬಂತು, ಇನ್ನು ಅದಕ್ಕೆ ವಿಂಡೋಸ್ ಜೊತೆ ಲಿನಕ್ಸ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿಸಬೇಕು. ಸುರತ್ಕಲ್, ನಿಟ್ಟೆ, ಮಣಿಪಾಲ ಅಂತ ಮಕ್ಕಳು ಹೊರಟ ಮನೆಗಳಲ್ಲಿ ಪ್ರತಿ ವರ್ಷ ಈ ಮಾತು ಬರುತ್ತದೆ. ಸೀನಿಯರ್ ಯಾರೋ “ಡ್ಯುಯಲ್ ಬೂಟ್ ಮಾಡು” ಅಂದಿರುತ್ತಾನೆ. ಹುಡುಗ ಅಂಗಡಿಗೆ ಹೋಗಿ “ಅಣ್ಣಾ, ಎರಡೂ ಹಾಕಿ ಕೊಡಿ” ಅನ್ನುತ್ತಾನೆ. ಎರಡೂ ಯಾಕೆ ಬೇಕು ಅಂತ ಹೆಚ್ಚಾಗಿ ಯಾರೂ ಕೇಳುವುದಿಲ್ಲ.

ಎರಡನ್ನೂ ಇಟ್ಟುಕೊಳ್ಳಲು ದಾರಿ ಒಂದೇ ಅಲ್ಲ. ವಿಂಡೋಸ್ ಒಳಗೇ ಲಿನಕ್ಸ್ ಓಡಿಸಬಹುದು. ಲಿನಕ್ಸ್ ಒಳಗೆ ವಿಂಡೋಸ್ ಓಡಿಸಬಹುದು. ಇರುವ ಡಿಸ್ಕನ್ನೇ ಎರಡು ಪಾಲು ಮಾಡಬಹುದು, ಇನ್ನೊಂದು ಡಿಸ್ಕ್ ಹಾಕಬಹುದು. ಇವುಗಳಲ್ಲಿ ಯಾವುದು ಅಂತ ತೀರ್ಮಾನಿಸಲು ಒಂದು ಪ್ರಶ್ನೆ ಸಾಕು: ದಿನಕ್ಕೆ ಎಷ್ಟು ಸಲ ನೀವು ಒಂದರಿಂದ ಇನ್ನೊಂದಕ್ಕೆ ಹೋಗಬೇಕು?

ಡ್ಯುಯಲ್ ಬೂಟ್ ಅಂದರೆ ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿಟ್ಟು, ಆನ್ ಮಾಡುವಾಗ ಒಂದನ್ನು ಆರಿಸುವುದು. ಒಂದು ಹೊತ್ತಿಗೆ ಒಂದೇ. ವಿಂಡೋಸಿನಿಂದ ಲಿನಕ್ಸಿಗೆ ಹೋಗಬೇಕಾದರೆ ತೆರೆದದ್ದನ್ನೆಲ್ಲ ಮುಚ್ಚಿ ರೀಸ್ಟಾರ್ಟ್ ಮಾಡಬೇಕು. ವಾರಕ್ಕೆ ಎರಡು ಮೂರು ಸಲ ಆದರೆ ತೊಂದರೆ ಇಲ್ಲ. ದಿನಕ್ಕೆ ನಾಲ್ಕು ಸಲ ಆದರೆ ಒಂದು ತಿಂಗಳೊಳಗೆ ಬೇಸರ ಬಂದು, ಯಾವುದೋ ಒಂದರಲ್ಲೇ ಕೂತುಬಿಡುತ್ತೀರಿ. ಇನ್ನೊಂದು ಸುಮ್ನೆ ಜಾಗ ತಿನ್ನುತ್ತಾ ಇರುತ್ತದೆ. ಹೀಗೆ ಮುಟ್ಟದೆ ಬಿಟ್ಟ ಲಿನಕ್ಸ್ ಪಾರ್ಟಿಷನ್ (ಡಿಸ್ಕಿನ ಪಾಲು) ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಉಂಟು.

ಮೊದಲ ವರ್ಷದವರಿಗೆ: ವಿಂಡೋಸ್ ಒಳಗೇ ಲಿನಕ್ಸ್

ಸಿ, ಪೈಥಾನ್ ಲ್ಯಾಬ್, ಗಿಟ್, ಸ್ವಲ್ಪ ಶೆಲ್ ಕಮಾಂಡು. ಮೊದಲೆರಡು ವರ್ಷ ಬೇಕಾಗುವುದು ಇಷ್ಟೇ ಆದರೆ ಡಿಸ್ಕನ್ನು ಮುಟ್ಟುವ ಅಗತ್ಯವೇ ಇಲ್ಲ. ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ, ಮೈಕ್ರೋಸಾಫ್ಟಿನದ್ದೇ ಆದ ಡಬ್ಲ್ಯೂಎಸ್‌ಎಲ್ ಇದಕ್ಕೆ ಧಾರಾಳ ಸಾಕು. 2016ರಲ್ಲಿ ಮೊದಲು ಬಂದಾಗ ಅದು ಅರೆಬರೆ ಇತ್ತು. 2019ರಲ್ಲಿ ತೋರಿಸಿದ ಎರಡನೇ ಆವೃತ್ತಿಯಿಂದ ಒಳಗೆ ನಿಜವಾದ ಲಿನಕ್ಸ್ ಕರ್ನಲ್ಲೇ (ಲಿನಕ್ಸಿನ ತಿರುಳು) ಓಡುತ್ತದೆ. ವಿಂಡೋಸ್ ಹೋಮ್ ಆವೃತ್ತಿಯಲ್ಲೂ ನಡೆಯುತ್ತದೆ. ಪವರ್‌ಶೆಲ್ಲಿನಲ್ಲಿ ಒಂದು ಸಾಲು ಕಮಾಂಡು, ಒಂದು ರೀಸ್ಟಾರ್ಟ್, ಲಿನಕ್ಸಿನ ಒಂದು ರೂಪವಾದ ಉಬುಂಟು ತಯಾರು.

ಎನ್‌ವಿಡಿಯಾ ಕಾರ್ಡ್ ಇದ್ದರೆ ಅದರಲ್ಲಿ ಲೆಕ್ಕ ಮಾಡಿಸುವ CUDA ಸೌಲಭ್ಯವೂ ಇದರೊಳಗೆ ಸಿಗುತ್ತದೆ, ಮೆಷಿನ್ ಲರ್ನಿಂಗ್ ಅಭ್ಯಾಸಕ್ಕೂ ಅಡ್ಡಿ ಇಲ್ಲ. ವಿಂಡೋಸ್ 11ರಲ್ಲಿ ಲಿನಕ್ಸಿನ ಕಿಟಕಿಗಳಿರುವ ಪ್ರೋಗ್ರಾಮುಗಳೂ ಓಡುತ್ತವೆ. ಒಂದು ವಿಷಯ ಮಾತ್ರ ನೆನಪಿರಲಿ. ಕೋಡನ್ನು ವಿಂಡೋಸಿನ ಸಿ ಡ್ರೈವಿನಲ್ಲಿಟ್ಟು ಲಿನಕ್ಸಿನಿಂದ ಓಡಿಸಿದರೆ ತುಂಬಾ ನಿಧಾನ. ಲಿನಕ್ಸಿನ ಹೋಮ್ ಫೋಲ್ಡರಿನಲ್ಲೇ ಇಡಿ. “ಡಬ್ಲ್ಯೂಎಸ್‌ಎಲ್ ಸ್ಲೋ ಮಾರಾಯ್ರೇ” ಅನ್ನುವವರಲ್ಲಿ ಜಾಸ್ತಿ ಜನರ ತಕರಾರು ಇದರಿಂದಲೇ ಬಂದದ್ದು. ಇನ್ನೊಂದು, ಈ ಲಿನಕ್ಸ್ ಪೂರ್ತಿಯಾಗಿ ವಿಂಡೋಸಿನ ಒಂದು ದೊಡ್ಡ ಫೈಲಿನೊಳಗೆ ಕೂತಿರುತ್ತದೆ, ಆ ಫೈಲು ಬೆಳೆಯುತ್ತಾ ಹೋಗುತ್ತದೆ. ಒಳಗೆ ಅಳಿಸಿದ ಮಾತ್ರಕ್ಕೆ ತಾನಾಗಿ ಸಣ್ಣದಾಗುವುದಿಲ್ಲ.

ಇದು ಸಾಲದೇ ಹೋಗುವುದು ಹಾರ್ಡ್‌ವೇರ್ ಮುಟ್ಟುವ ಕೆಲಸಕ್ಕೆ. ಡೆವಲಪ್‌ಮೆಂಟ್ ಬೋರ್ಡಿಗೆ ಯುಎಸ್‌ಬಿಯಲ್ಲಿ ಕೋಡ್ ಹಾಕುವುದು, ವೈಫೈ ಕಾರ್ಡನ್ನು ಮಾನಿಟರ್ ಮೋಡಿಗೆ (ಸುತ್ತಲಿನ ವೈಫೈ ಸಂಚಾರವನ್ನೆಲ್ಲ ಕೇಳುವ ಸ್ಥಿತಿ) ಹಾಕುವುದು, ಡ್ರೈವರ್ ಬರೆಯುವುದು. ಯುಎಸ್‌ಬಿಯನ್ನು ಒಳಗೆ ಕಳಿಸಲು ಬೇರೆ ಸಾಧನ ಉಂಟು, ಆದರೆ ಪದೇ ಪದೇ ಕೈಯಾಡಿಸಬೇಕು. ರೊಬಾಟಿಕ್ಸ್, ಎಂಬೆಡೆಡ್, ಸೆಕ್ಯುರಿಟಿ ಕಡೆ ಹೋಗುವವರಿಗೆ ನಿಜವಾದ ಲಿನಕ್ಸೇ ಬೇಕು.

ಆಫೀಸು, ಪ್ರೆಸ್ಸು: ವರ್ಚುವಲ್ ಮಷೀನ್

ಮಂಗಳೂರಿನ ಕೊಡಿಯಾಲಬೈಲಿನ ಒಂದು ಲೆಕ್ಕಪತ್ರದ ಆಫೀಸು ಅಂತ ಇಟ್ಟುಕೊಳ್ಳಿ. ಬೆಳಗ್ಗಿನಿಂದ ಟ್ಯಾಲಿ, ಎಕ್ಸೆಲ್, ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್. ಇಲ್ಲಿಯ ಹುಡುಗನೊಬ್ಬನಿಗೆ ಲಿನಕ್ಸ್ ಇಷ್ಟ. ಅವನು ಡ್ಯುಯಲ್ ಬೂಟ್ ಮಾಡಿಕೊಂಡರೆ ರಿಟರ್ನ್ ಸಹಿ ಹಾಕಲು ಒಂದು ರೀಸ್ಟಾರ್ಟ್, ವಾಪಸ್ ಬರಲು ಇನ್ನೊಂದು. ಕೊನೆಯ ದಿನಾಂಕದ ಸಂಜೆ ಇದು ಆಗುವ ಮಾತಾ? ಇಂಥವರಿಗೆ ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೆ ಪ್ರೋಗ್ರಾಮಿನಿಂದ ಮಾಡಿದ ಇನ್ನೊಂದು ಕಂಪ್ಯೂಟರ್, ಸರಿ. ಹೊರಗೆ ಲಿನಕ್ಸ್, ಒಳಗೆ ವಿಂಡೋಸ್, ಎರಡೂ ಒಟ್ಟಿಗೆ ತೆರೆದಿರುತ್ತವೆ. ಯುಎಸ್‌ಬಿ ಟೋಕನನ್ನು ಒಳಗಿನ ವಿಂಡೋಸಿಗೆ ಕೊಡಬಹುದು. ಇದನ್ನು ಮಾಡುವ ಪ್ರೋಗ್ರಾಮುಗಳಲ್ಲಿ ವರ್ಚುವಲ್‌ಬಾಕ್ಸ್ ಉಚಿತ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ ಕೂಡ 2024ರ ನವೆಂಬರಿನಿಂದ ಎಲ್ಲರಿಗೂ ಉಚಿತ.

ಒಂದೇ ಷರತ್ತು, ರ್‍ಯಾಮ್. 8 ಜಿಬಿ ಇದ್ದರೆ ಒಳಗಿನದ್ದಕ್ಕೆ 4 ಕೊಟ್ಟು ಹೊರಗಿನದ್ದು 4ರಲ್ಲಿ ಒದ್ದಾಡುತ್ತದೆ. 16 ಇದ್ದರೆ ಆರಾಮ. ಬಯೋಸಿನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ವರ್ಚುವಲೈಸೇಷನ್ ಆನ್ ಇರಬೇಕು. ಇಂಟೆಲ್ ಆದರೆ ವಿಟಿ-ಎಕ್ಸ್, ಎಎಂಡಿ ಆದರೆ ಎಸ್‌ವಿಎಂ ಅನ್ನುವ ಹೆಸರಲ್ಲಿ ಇರುತ್ತದೆ. ಡಬ್ಲ್ಯೂಎಸ್‌ಎಲ್ ಮತ್ತು ವರ್ಚುವಲ್‌ಬಾಕ್ಸ್ ಒಂದೇ ವಿಂಡೋಸಿನಲ್ಲಿ ಇದ್ದರೆ ವರ್ಚುವಲ್‌ಬಾಕ್ಸ್ ನಿಧಾನ ಆಗುತ್ತದೆ. ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಿ.

ಮುದ್ರಣಾಲಯದವರ ಕಥೆಯೂ ಇದೇ ಸಾಲಿನದ್ದು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ ಎಲ್ಲ ಹಳೆಯ ಪೇಜ್‌ಮೇಕರಿನಲ್ಲಿ, ಹಳೆಯ ನುಡಿ ಅಥವಾ ಶ್ರೀಲಿಪಿ ಅಕ್ಷರದಲ್ಲಿ ಇರುತ್ತವೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದರ ನಂತರ ಹೊಸದು ಬರಲೇ ಇಲ್ಲ. ಆ ಫೈಲುಗಳನ್ನು ತೆರೆಯಲಿಕ್ಕೆ ಅಂತಲೇ ಒಂದು ಹಳೆಯ ವಿಂಡೋಸನ್ನು ವರ್ಚುವಲ್ ಮಷೀನಿನೊಳಗೆ ಇಂಟರ್‌ನೆಟ್ ಕೊಡದೆ ಇಟ್ಟುಕೊಳ್ಳುವುದು ಒಳ್ಳೆಯ ಉಪಾಯ. ಅದಕ್ಕಾಗಿ ಇಡೀ ಕಂಪ್ಯೂಟರನ್ನು ಹಳೆಯದರಲ್ಲೇ ಉಳಿಸಿಕೊಳ್ಳುವ ಅಗತ್ಯ ಇಲ್ಲ.

ಹೊಸದಾಗಿ ಕನ್ನಡ ಟೈಪ್ ಮಾಡುವವರಿಗೆ ಮಾತ್ರ ವಿಂಡೋಸ್ ಬೇಕೇ ಬೇಕು ಅಂತ ಇಲ್ಲ. ನುಡಿಯಲ್ಲಿ ಬೆರಳಿಗೆ ರೂಢಿಯಾದ ಕಗಪ ಕೀಲಿಮಣೆ ಲಿನಕ್ಸಿನಲ್ಲೂ ಉಂಟು. ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡದ ಕೆಳಗೆ ಹುಡುಕಿದರೆ ಸಿಗುತ್ತದೆ. ಅಂದ ಹಾಗೆ ಆ ವಿನ್ಯಾಸದ ಹಿಂದಿರುವವರು ಕೆ.ಪಿ. ರಾವ್. ಮಂಗಳೂರು ಹತ್ತಿರದ ಕಿನ್ನಿಕಂಬಳದವರು, ನಮ್ಮೂರಿನವರೇ.

ವರ್ಚುವಲ್ ಮಷೀನಿಗೆ ಆಗದ್ದು ಎರಡು. ಒಂದು, ಗ್ರಾಫಿಕ್ಸ್ ಕಾರ್ಡಿನ ಪೂರ್ತಿ ಶಕ್ತಿ ಒಳಗೆ ಸಿಗುವುದಿಲ್ಲ. ಎರಡು, ವ್ಯಾಲೊರಂಟ್ ತರಹದ ಆಟಗಳು. ಅದರ, ಆಟದಲ್ಲಿ ಮೋಸ ತಡೆಯುವ ಕಾವಲು ಪ್ರೋಗ್ರಾಮು ವರ್ಚುವಲ್ ಮಷೀನನ್ನೂ ಒಪ್ಪುವುದಿಲ್ಲ, ಲಿನಕ್ಸನ್ನೂ ಒಪ್ಪುವುದಿಲ್ಲ. ವಿಂಡೋಸ್ 11ರಲ್ಲಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವ ಬೂಟ್ ಫೈಲನ್ನು ಮಾತ್ರ ಬಿಡುವ ರಕ್ಷಣೆ) ಆನ್ ಇರಬೇಕು ಅನ್ನುತ್ತದೆ. ಹಾಸ್ಟೆಲ್ ಹುಡುಗರಿಗೆ ಡ್ಯುಯಲ್ ಬೂಟ್ ಯಾಕೆ ಬೇಕು ಅಂದರೆ ಹೆಚ್ಚಿನ ಸಲ ನಿಜವಾದ ಉತ್ತರ ಇದೇ. ಮನೆಯಲ್ಲಿ ಹೇಳುವ ಉತ್ತರ ಬೇರೆ, ಬಿಡಿ.

ಒಂದೇ ಡಿಸ್ಕನ್ನು ಎರಡು ಪಾಲು ಮಾಡುವುದು

ಹಾರ್ಡ್‌ವೇರ್ ಕೆಲಸಕ್ಕೆ ಅಸಲಿ ಲಿನಕ್ಸ್ ಬೇಕು, ಆಟಕ್ಕೋ ಅಡೋಬಿಗೋ ಅಸಲಿ ವಿಂಡೋಸ್ ಬೇಕು, ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಡಿಸ್ಕಿಗೆ ಜಾಗ ಇಲ್ಲ. ಈ ಮೂರೂ ಹೌದಾದರೆ ಮಾತ್ರ ಈ ದಾರಿ. 256 ಜಿಬಿ ಡಿಸ್ಕ್ ಆದರೆ ಬೇಡವೇ ಬೇಡ, ಎರಡೂ ಕಡೆ ಉಸಿರು ಕಟ್ಟುತ್ತದೆ. 512 ಇದ್ದರೆ ಲಿನಕ್ಸಿಗೆ 100 ಜಿಬಿ ಬಿಟ್ಟುಕೊಡಿ.

ಕೆಲಸ ಶುರು ಮಾಡುವ ಮೊದಲು ನೋಡಬೇಕಾದದ್ದು ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಡೇಟಾ ಪೂರ್ತಿ ಕೈತಪ್ಪುವುದು ಇಲ್ಲಿ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದರೆ ಡಿಸ್ಕಿಗೆ ಬೀಗ ತಾನಾಗಿ ಬೀಳುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ. ಬಯೋಸಿನಲ್ಲಿ ಸೆಕ್ಯೂರ್ ಬೂಟ್ ಬದಲಾಯಿಸಿದಿರಿ, ಬೂಟ್ ಕ್ರಮ ಬದಲಾಯಿಸಿದಿರಿ ಅಂತಿಟ್ಟುಕೊಳ್ಳಿ. ಮುಂದಿನ ಸಲ ವಿಂಡೋಸ್ ಬರುವ ಬದಲು ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳಬಹುದು. ಆ ಕೀ ಇರುವುದು ಮೈಕ್ರೋಸಾಫ್ಟ್ ಖಾತೆಯಲ್ಲಿ. ಯಾರ ಖಾತೆ? ಅಂಗಡಿಯಲ್ಲಿ “ನಾವೇ ಸೆಟಪ್ ಮಾಡಿ ಕೊಡ್ತೇವೆ” ಅಂತ ಅವರ ಮೇಲ್ ಐಡಿ ಹಾಕಿದ್ದರೆ ಕೀ ಅವರ ಖಾತೆಗೆ ಹೋಗಿರುತ್ತದೆ. ಅಣ್ಣನ ಮೇಲ್ ಹಾಕಿದ್ದರೆ ಅಣ್ಣನ ಖಾತೆಗೆ. ಆದ್ದರಿಂದ ಮೊದಲು ಸೆಟ್ಟಿಂಗ್ಸಿನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ (ಇದೇ ಆ ಬೀಗ) ಆನ್ ಇದೆಯಾ ನೋಡಿ. ಆನ್ ಇದ್ದರೆ ಕೀಯನ್ನು ಹುಡುಕಿ ಕಾಗದದಲ್ಲಿ ಬರೆದಿಡಿ. ಅದೇ ಲ್ಯಾಪ್‌ಟಾಪಿನಲ್ಲಿ ಬರೆದಿಟ್ಟರೆ ಉಪಯೋಗ ಇಲ್ಲ. ಪಾರ್ಟಿಷನ್ ಕೆಲಸಕ್ಕೆ ಮೊದಲು ಎನ್‌ಕ್ರಿಪ್ಷನ್ ಆಫ್ ಮಾಡಿದರೆ ಇನ್ನೂ ಒಳ್ಳೆಯದು. ಉಬುಂಟು ಹಾಕುವ ಪ್ರೋಗ್ರಾಮು ಬೀಗ ಇರುವ ಡಿಸ್ಕನ್ನು ಸಣ್ಣ ಮಾಡಲು ಒಪ್ಪುವುದೂ ಇಲ್ಲ.

ಇನ್ನು ಜಾಗ ಬಿಡಿಸುವುದು. ಈ ಕೆಲಸವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಮಾಡಿ. ತೆರೆದ ಕೂಡಲೇ 512 ಜಿಬಿ ಡಿಸ್ಕ್ 476 ಅಂತ ಕಾಣಿಸುತ್ತದೆ. ಕಡಿಮೆ ಕೊಟ್ಟರು ಅಂತ ಅಂಗಡಿಗೆ ಫೋನ್ ಮಾಡಬೇಡಿ, ಅದು ಎಣಿಸುವ ಲೆಕ್ಕದ ವ್ಯತ್ಯಾಸ ಅಷ್ಟೇ. ಸಿ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ಒತ್ತಿದರೆ ಎಷ್ಟು ಎಂಬಿ ತೆಗೆಯಬೇಕು ಅಂತ ಕೇಳುತ್ತದೆ. 100 ಜಿಬಿ ಅಂದರೆ 102400. ಕೆಲವು ಸಲ 300 ಜಿಬಿ ಖಾಲಿ ಇದ್ದರೂ 20 ಜಿಬಿ ಮಾತ್ರ ಬಿಟ್ಟುಕೊಡುತ್ತೇನೆ ಅನ್ನುತ್ತದೆ. ಜರುಗಿಸಲಾಗದ ಫೈಲು ಯಾವುದೋ ಡಿಸ್ಕಿನ ನಡುವೆ ಕೂತಿರುವುದು ಕಾರಣ. ಹೈಬರ್ನೇಷನ್, ಪೇಜ್ ಫೈಲ್, ಸಿಸ್ಟಮ್ ರಿಸ್ಟೋರ್ ಈ ಮೂರನ್ನು ತಾತ್ಕಾಲಿಕವಾಗಿ ಆಫ್ ಮಾಡಿ ರೀಸ್ಟಾರ್ಟ್ ಮಾಡಿ ನೋಡಿ, ಹೆಚ್ಚಾಗಿ ದಾರಿ ಬಿಡುತ್ತದೆ. ಬಿಡಿಸಿದ ಜಾಗಕ್ಕೆ ವಿಂಡೋಸಿನಲ್ಲಿ ಹೊಸ ಡ್ರೈವ್ ಮಾಡಬೇಡಿ, ಖಾಲಿಯೇ ಇರಲಿ.

ಅಲ್ಲೇ ಸಿ ಡ್ರೈವಿನ ಅಕ್ಕಪಕ್ಕ ಸಣ್ಣ ಪಾರ್ಟಿಷನುಗಳು ಕಾಣುತ್ತವೆ. “ಇದೆಂತದ್ದು, ಅಳಿಸಿ ಜಾಗ ಮಾಡೋಣ” ಅಂತ ಕೈ ಹಾಕುವವರಿದ್ದಾರೆ. ಮುಟ್ಟಬಾರದು. ಅದರಲ್ಲಿ 100 ಎಂಬಿಯಷ್ಟಿರುವುದು ಇಎಫ್‌ಐ ಪಾರ್ಟಿಷನ್. ಎರಡೂ ವ್ಯವಸ್ಥೆಗಳನ್ನು ಏಳಿಸುವ ಫೈಲುಗಳು ಅದರಲ್ಲೇ ಇರುತ್ತವೆ. ಉಬುಂಟು, ಮಿಂಟ್‌ಗಳಿಗೆ ಅಷ್ಟು ಜಾಗ ಸಾಕು. ಪಾಪ್ ಓಎಸ್ ಅನ್ನುವ ಇನ್ನೊಂದು ಲಿನಕ್ಸ್ ತನ್ನ ಕರ್ನಲ್ಲನ್ನೂ ಅಲ್ಲೇ ಇಡುವುದರಿಂದ ಅದಕ್ಕೆ ಸಾಲದು. ಸ್ವಾಪ್‌ಗೆ (ರ್‍ಯಾಮ್ ಸಾಲದಾಗ ಬಳಸುವ ಡಿಸ್ಕಿನ ಜಾಗ) ಅಂತ ಬೇರೆ ಪಾರ್ಟಿಷನ್ ಮಾಡುವ ಹಳೆಯ ಪದ್ಧತಿ ಈಗ ಬೇಕಾಗಿಲ್ಲ, ಉಬುಂಟು ಫೈಲಿನಲ್ಲೇ ಮಾಡಿಕೊಳ್ಳುತ್ತದೆ.

ಮೇ ತಿಂಗಳ ಸಂಜೆ, ಅಕ್ಟೋಬರ್ ಸಂಜೆ ಈ ಕೆಲಸಕ್ಕೆ ಕೂರಬೇಡಿ. ಗುಡುಗು ಶುರುವಾದರೆ ನಮ್ಮಲ್ಲಿ ಮೊದಲು ಪ್ಲಗ್ ಕೀಳುತ್ತೇವೆ, ಅದಕ್ಕಿಂತ ಮೊದಲು ಕರೆಂಟೇ ಹೋಗಿರುತ್ತದೆ. ಪಾರ್ಟಿಷನ್ ಜರುಗುವಾಗ ಮಷೀನ್ ಆಫ್ ಆದರೆ ಫೈಲುಗಳು ಹಾಳಾಗುತ್ತವೆ. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ತುಂಬಾ ಇರಲಿ, ಡೆಸ್ಕ್‌ಟಾಪ್ ಆದರೆ ಗಟ್ಟಿ ಯುಪಿಎಸ್ ಇರಲಿ. ಬ್ಯಾಕಪ್ ಹೊರಗಿನ ಡಿಸ್ಕಿನಲ್ಲಿರಲಿ, ಡಿ ಡ್ರೈವಿನಲ್ಲಿ ಅಲ್ಲ. ಡಿ ಡ್ರೈವ್ ಇರುವುದೂ ಅದೇ ಡಿಸ್ಕಿನಲ್ಲಿ, ಅಲ್ವಾ?

ಇನ್‌ಸ್ಟಾಲ್ ಮಾಡಲು ಕೂತಾಗ ಡಿಸ್ಕೇ ಕಾಣಿಸದಿದ್ದರೆ ಗಾಬರಿ ಬೇಡ. ಇಂಟೆಲ್ ಲ್ಯಾಪ್‌ಟಾಪುಗಳಲ್ಲಿ ಆರ್‌ಎಸ್‌ಟಿ ಅನ್ನುವ ಡಿಸ್ಕ್ ಮೋಡ್ ಆನ್ ಇರಬಹುದು, ಅದನ್ನು ಎಎಚ್‌ಸಿಐಗೆ ಬದಲಾಯಿಸಬೇಕು. ಆದರೆ ನೇರವಾಗಿ ಬಯೋಸಿಗೆ ಹೋಗಿ ಬದಲಾಯಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸ್ ಸೇಫ್ ಮೋಡಿನಲ್ಲಿ ಏಳುವ ಹಾಗೆ ಮಾಡಿ, ಆಮೇಲೆ ಬಯೋಸಿನಲ್ಲಿ ಬದಲಾಯಿಸಿ, ಒಮ್ಮೆ ಸೇಫ್ ಮೋಡಿನಲ್ಲಿ ಎದ್ದ ಮೇಲೆ ಮಾಮೂಲಿಗೆ ಬರಬೇಕು. ಎನ್‌ವಿಡಿಯಾ ಡ್ರೈವರ್ ಹಾಕಿದರೆ ಮುಂದಿನ ಬೂಟಿನಲ್ಲಿ ಇನ್ನೊಂದು ನೀಲಿ ಪರದೆ ಬರುತ್ತದೆ. ಅದು ಡ್ರೈವರಿನ ಸಹಿಗೆ ಒಪ್ಪಿಗೆ ಕೇಳುವ ಎಂಒಕೆ ಪರದೆ, ಬಿಟ್‌ಲಾಕರಿನದ್ದಲ್ಲ. ಎನ್‌ರೋಲ್ ಅನ್ನುವುದನ್ನು ಆರಿಸಿ, ಇನ್‌ಸ್ಟಾಲ್ ಮಾಡುವಾಗ ಕೊಟ್ಟ ಪಾಸ್‌ವರ್ಡ್ ಹಾಕಿ. ಗೊತ್ತಾಗದೆ ಮುಂದೆ ಹೋದರೆ ಡ್ರೈವರ್ ಕೆಲಸ ಮಾಡುವುದಿಲ್ಲ.

ಹಾಕಿಯಾದ ಮೇಲಿನ ಎರಡು ಕಿರಿಕಿರಿ. ಒಂದು ಗಡಿಯಾರ. ಲಿನಕ್ಸಿನಿಂದ ವಿಂಡೋಸಿಗೆ ಬಂದರೆ ಬೆಳಗ್ಗೆ 10 ಗಂಟೆಗೆ 4.30 ತೋರಿಸುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಇಡುವುದು ಜಾಗತಿಕ ಸಮಯ, ವಿಂಡೋಸ್ ಅದನ್ನು ಭಾರತೀಯ ಸಮಯ ಅಂತ ಓದುತ್ತದೆ. ಐದೂವರೆ ಗಂಟೆ ವ್ಯತ್ಯಾಸ ಅಲ್ಲಿಂದ ಬಂದದ್ದು. ಸಮಯ ತಪ್ಪಿದ್ದರೆ ಬ್ಯಾಂಕಿನ ಸೈಟೂ ತೆರೆಯದೆ ಹೋಗಬಹುದು. ಲಿನಕ್ಸಿಗೂ ಸ್ಥಳೀಯ ಸಮಯವನ್ನೇ ಇಡಲು ಒಂದು ಸಾಲಿನ ಕಮಾಂಡಿನಲ್ಲಿ ಹೇಳಿದರೆ ಮುಗಿಯಿತು. ಎರಡನೆಯದು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್. ಶಟ್‌ಡೌನ್ ಮಾಡಿದರೂ ಅದು ಪೂರ್ತಿ ಮಲಗುವುದಿಲ್ಲ. ಅರ್ಧ ತೆರೆದ ಸ್ಥಿತಿಯಲ್ಲಿ ಡ್ರೈವನ್ನು ಬಿಟ್ಟಿರುತ್ತದೆ. ಲಿನಕ್ಸಿನಿಂದ ನೋಡಿದರೆ ಆ ಡ್ರೈವಿನಲ್ಲಿ ಓದಬಹುದು, ಬರೆಯಲಾಗದು. ಕಂಟ್ರೋಲ್ ಪ್ಯಾನೆಲಿನ ಪವರ್ ಆಯ್ಕೆಯಲ್ಲಿ ಅದನ್ನು ಆಫ್ ಮಾಡಿ.

ಎರಡು ಡಿಸ್ಕ್: ಜಾಗ ಇದ್ದರೆ ಇದೇ

ನನ್ನ ಓಟು ಇದಕ್ಕೆ. ಒಂದು ಡಿಸ್ಕಿನಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್. ಒಂದೇ ಮನೆಗೆ ಗೋಡೆ ಕಟ್ಟಿ ಪಾಲು ಮಾಡುವುದಕ್ಕಿಂತ ಅಣ್ಣ ತಮ್ಮ ಬೇರೆ ಬೇರೆ ಮನೆ ಮಾಡಿದರೆ ಜಗಳ ಕಡಿಮೆ. ಶ್ರಿಂಕ್ ಇಲ್ಲ, ಇಎಫ್‌ಐ ಪಾರ್ಟಿಷನ್ ಹಂಚಿಕೊಳ್ಳುವುದಿಲ್ಲ, ಒಂದು ಡಿಸ್ಕ್ ಕೆಟ್ಟರೆ ಇನ್ನೊಂದರಲ್ಲಿ ಕೆಲಸ ನಡೆಯುತ್ತದೆ.

ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಎಸ್‌ಎಸ್‌ಡಿ ಕೂರಿಸಲು ಎರಡು ಎಂ.2 ಸ್ಲಾಟ್ ಇರುತ್ತದೆ. ತೆಳ್ಳಗಿನವುಗಳಲ್ಲಿ ಒಂದೇ. ಮಾಡೆಲ್ ನಂಬರ್ ಹಾಕಿ ಸರ್ವಿಸ್ ಮ್ಯಾನ್ಯುಯಲ್ ನೋಡಿದರೆ ಗೊತ್ತಾಗುತ್ತದೆ. ಸ್ಲಾಟ್ ಎನ್‌ವಿಎಂಇ ತೆಗೆದುಕೊಳ್ಳುತ್ತದಾ, ಸಾಟಾ ತೆಗೆದುಕೊಳ್ಳುತ್ತದಾ ಅಂತಲೂ ನೋಡಿ. ಇವು ಎಸ್‌ಎಸ್‌ಡಿಯ ಎರಡು ಬಗೆ, ಕಣ್ಣಿಗೆ ಒಂದೇ ತರಹ ಕಾಣುತ್ತವೆ. ಡಿವಿಡಿ ಡ್ರೈವ್ ಇರುವ ಹಳೆಯ ಲ್ಯಾಪ್‌ಟಾಪ್ ಆದರೆ ಅದನ್ನು ತೆಗೆದು ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ ಸಾಟಾ ಎಸ್‌ಎಸ್‌ಡಿ ಕೂರಿಸಬಹುದು. ಕ್ಯಾಡಿಯಲ್ಲಿ 9.5 ಮತ್ತು 12.7 ಮಿಮೀ ಎರಡು ದಪ್ಪ ಉಂಟು, ಅಳತೆ ನೋಡಿಯೇ ತನ್ನಿ. ವಾರಂಟಿ ಇರುವ ಲ್ಯಾಪ್‌ಟಾಪಿನ ಮುಚ್ಚಳ ತೆಗೆಯುವ ಮೊದಲು ಸರ್ವಿಸ್ ಸೆಂಟರಿನಲ್ಲಿ ಒಂದು ಮಾತು ಕೇಳಿ.

ಇಲ್ಲೊಂದು ಗುಟ್ಟು. ಲಿನಕ್ಸನ್ನು ಎರಡನೇ ಡಿಸ್ಕಿಗೆ ಹಾಕು ಅಂದರೂ ಕೆಲವು ಇನ್‌ಸ್ಟಾಲರುಗಳು ಬೂಟ್ ಫೈಲನ್ನು ಮೊದಲ ಡಿಸ್ಕಿನ ಇಎಫ್‌ಐ ಪಾರ್ಟಿಷನಿನಲ್ಲೇ ಇಟ್ಟುಬಿಡುತ್ತವೆ. ಉಬುಂಟುವಿನ ಹಳೆಯ ಇನ್‌ಸ್ಟಾಲರಿಗೆ ಇದು ಬಹಳ ಕಾಲದಿಂದ ಇದ್ದ ರೋಗ. ಹಾಗಾದರೆ ಎರಡು ಡಿಸ್ಕ್ ಹಾಕಿದ ಲಾಭವೇ ಹೋಯಿತು. ಆದ್ದರಿಂದ ಲಿನಕ್ಸ್ ಹಾಕುವಾಗ ವಿಂಡೋಸ್ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ, ಇಲ್ಲವೇ ಬಯೋಸಿನಲ್ಲಿ ಆಫ್ ಮಾಡಿ. ಹಾಕಿಯಾದ ಮೇಲೆ ವಾಪಸ್ ಸೇರಿಸಿ. ಆಮೇಲೆ ಯಾವುದು ಬೇಕೋ ಅದನ್ನು ಬೂಟ್ ಮೆನುವಿನಿಂದ ಆರಿಸಬಹುದು. ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಲಿನಕ್ಸಿನ ಜೊತೆ ಬರುವ, ಯಾವುದನ್ನು ಏಳಿಸಬೇಕು ಅಂತ ಕೇಳುವ ಗ್ರಬ್ ಮೆನುವಿನಲ್ಲಿ ವಿಂಡೋಸ್ ಕಾಣುತ್ತಿಲ್ಲ ಅನ್ನುವ ತಲೆನೋವೂ ಇಲ್ಲ. 2021ರ ಗ್ರಬ್ 2.06ರಿಂದ ಪಕ್ಕದ ವ್ಯವಸ್ಥೆಯನ್ನು ಹುಡುಕುವ ಗುಣವನ್ನು ಮೂಲದಲ್ಲೇ ಆಫ್ ಮಾಡಿ ಕೊಡುತ್ತಾರೆ.

ಎರಡು ಡಿಸ್ಕ್ ಇದ್ದರೆ ಎಲ್ಲದರಿಂದಲೂ ಪಾರು ಅಂತ ಮಾತ್ರ ತಿಳಿಯಬೇಡಿ. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ನೆನಪಿರಬಹುದು. ಅಪ್‌ಡೇಟ್ ಆದ ಮೇಲೆ ಲಿನಕ್ಸ್ ಏಳುವ ಬದಲು ಎಸ್‌ಬಿಎಟಿ ಪರೀಕ್ಷೆ ವಿಫಲ ಅಂತ ಒಂದು ಸಾಲು ಬಂದು ಮಷೀನ್ ಆಫ್ ಆಗುತ್ತಿತ್ತು. ಹಳೆಯ, ದೋಷವಿರುವ ಬೂಟ್ ಫೈಲುಗಳನ್ನು ತಡೆಯುವ ಪಟ್ಟಿಯನ್ನು ಆ ಅಪ್‌ಡೇಟ್ ಮದರ್‌ಬೋರ್ಡಿನ ನೆನಪಿನಲ್ಲಿ ಬರೆದಿತ್ತು. ಡಿಸ್ಕಿನಲ್ಲಿ ಬರೆದಿದ್ದರೆ ಬೇರೆ ಡಿಸ್ಕಿನವರು ಬಚಾವ್ ಆಗುತ್ತಿದ್ದರು. ಮದರ್‌ಬೋರ್ಡಿನಲ್ಲಿ ಬರೆದದ್ದರಿಂದ ಎರಡನೇ ಡಿಸ್ಕಿನ ಲಿನಕ್ಸೂ ನಿಂತಿತು, ಹಳೆಯ ಪೆನ್ ಡ್ರೈವ್ ಲಿನಕ್ಸೂ ನಿಂತಿತು. ಪೂರ್ತಿ ಪರಿಹಾರ ಬಂದದ್ದು 2025ರ ಮೇ ತಿಂಗಳ ಅಪ್‌ಡೇಟಿನಲ್ಲಿ. ಅಲ್ಲಿಯವರೆಗೆ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸಿನಿಂದ ಆ ಪಟ್ಟಿಯನ್ನು ಅಳಿಸುವುದೇ ದಾರಿ ಆಗಿತ್ತು. ಸೆಕ್ಯೂರ್ ಬೂಟ್ ಆಫ್ ಮಾಡಿದರೆ ಬಿಟ್‌ಲಾಕರ್ ಕೀ ಕೇಳುತ್ತದೆ. ಕಾಗದದಲ್ಲಿ ಬರೆದಿಡಿ ಅಂದದ್ದು ಇದಕ್ಕೂ ಸೇರಿಸಿಯೇ. ಲಿನಕ್ಸನ್ನು ತಿಂಗಳುಗಟ್ಟಲೆ ಅಪ್‌ಡೇಟ್ ಮಾಡದೆ ಬಿಟ್ಟವರಿಗೆ ಇಂಥ ಹೊಡೆತ ಜಾಸ್ತಿ.

ಎರಡೂ ಕಡೆ ಬೇಕಾಗುವ ಫೋಟೊ, ನೋಟ್ಸ್‌ಗಳಿಗೆ ಒಂದು ಎನ್‌ಟಿಎಫ್‌ಎಸ್ (ವಿಂಡೋಸಿನ ಮಾಮೂಲಿ ಡಿಸ್ಕ್ ಮಾದರಿ) ಪಾರ್ಟಿಷನ್ ಇಡಿ. ಲಿನಕ್ಸ್ ಅದನ್ನು ಚೆನ್ನಾಗಿಯೇ ಓದಿ ಬರೆಯುತ್ತದೆ. ಆದರೆ ಕೋಡ್ ಪ್ರಾಜೆಕ್ಟುಗಳನ್ನು ಅದರಲ್ಲಿಡಬೇಡಿ, ಫೈಲಿನ ಅನುಮತಿಗಳು ಎಡವಟ್ಟಾಗುತ್ತವೆ.

ಸ್ಲಾಟ್ ಇಲ್ಲದವರಿಗೆ ಹೊರಗಿನ ಯುಎಸ್‌ಬಿ ಎಸ್‌ಎಸ್‌ಡಿ ಉಂಟು. ಲಿನಕ್ಸನ್ನು ಪೂರ್ತಿಯಾಗಿ ಅದಕ್ಕೇ ಹಾಕಿ ಅದರಿಂದಲೇ ಬೂಟ್ ಮಾಡಬಹುದು. ಯುಎಸ್‌ಬಿ 3 ಇದ್ದರೆ ವೇಗ ಸಾಕಾಗುತ್ತದೆ. ಪೆನ್ ಡ್ರೈವಿಗೆ ಹಾಕಿದರೆ ಮಾತ್ರ ನಿಧಾನ ಆಗಿ ಲಿನಕ್ಸಿನ ಮೇಲೆಯೇ ಸಿಟ್ಟು ಬರುತ್ತದೆ. ಬಸ್ಸಿನಲ್ಲಿ ಓಡಾಡುವವರು ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟು ನೇತಾಡುವ ಕೇಬಲಿನಲ್ಲಿ ಕೆಲಸ ಮಾಡಬೇಡಿ. ಕೇಬಲ್ ಕಿತ್ತು ಬಂದರೆ ಓಡುತ್ತಿರುವ ವ್ಯವಸ್ಥೆಯೇ ಕಿತ್ತು ಬಂದ ಹಾಗೆ.

ವಿಂಡೋಸ್ 10 ಇರುವ ಹಳೆಯ ಕಂಪ್ಯೂಟರ್

ಇದಕ್ಕೆ ಡ್ಯುಯಲ್ ಬೂಟ್ ಯಾಕೆ ಅಂತಲೇ ನನ್ನ ಪ್ರಶ್ನೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿಯಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಇನ್ನೊಂದು ವರ್ಷದ ಸೆಕ್ಯುರಿಟಿ ಅಪ್‌ಡೇಟ್, ಅಷ್ಟೇ. ಇಂಟೆಲ್ 8ನೇ ಪೀಳಿಗೆಗಿಂತ ಹಳೆಯ ಪ್ರೊಸೆಸರ್ ಆದರೆ ವಿಂಡೋಸ್ 11 ನ್ಯಾಯವಾಗಿ ಬರುವುದಿಲ್ಲ. ಕಾಪುವಿನಲ್ಲೋ ಕಟೀಲಿನಲ್ಲೋ ಮನೆಯಲ್ಲಿರುವ ಇಂಥ ಕಂಪ್ಯೂಟರಿನಲ್ಲಿ ಆಗುವ ಕೆಲಸ ಯಾವುದು? ಕರೆಂಟ್ ಬಿಲ್ ಕಟ್ಟುವುದು, ಯೂಟ್ಯೂಬಿನಲ್ಲಿ ತಾಳಮದ್ದಳೆ, ಮಕ್ಕಳ ಜೊತೆ ವಿಡಿಯೊ ಕಾಲ್, ಯಾವಾಗಲಾದರೂ ಒಂದು ಅರ್ಜಿ ಪ್ರಿಂಟ್. ಎಲ್ಲವೂ ಬ್ರೌಸರಿನಲ್ಲೇ. ಲಿನಕ್ಸ್ ಮಿಂಟ್ ಒಂದನ್ನೇ ಹಾಕಿ. 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಉಂಟು. 4 ಜಿಬಿ ರ್‍ಯಾಮ್ ಇದ್ದರೂ ನಡೆಯುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿದರೆ ಹೊಸದಾದ ಹಾಗೆ ಓಡುತ್ತದೆ.

ಹಾಕುವ ಮೊದಲು ಪ್ರಿಂಟರ್ ನೋಡಿ. ಎಚ್‌ಪಿಯವು ಹೆಚ್ಚಾಗಿ ತಕರಾರಿಲ್ಲದೆ ನಡೆಯುತ್ತವೆ. ಜೆರಾಕ್ಸ್ ಅಂಗಡಿಗಳಲ್ಲಿ, ವಕೀಲರ ಆಫೀಸುಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸಿನಲ್ಲಿ ಸುಲಭಕ್ಕೆ ಒಗ್ಗುವುದಿಲ್ಲ. ಅದು ದಿನಾ ಬೇಕಾದರೆ ವಿಂಡೋಸ್ ಇರಲಿ. ಇನ್‌ಸ್ಟಾಲ್ ಮಾಡದೆ ಪೆನ್ ಡ್ರೈವಿನಿಂದಲೇ ಮಿಂಟ್ ಓಡಿಸಿ ವೈಫೈ, ಸೌಂಡು, ಪ್ರಿಂಟರ್ ಮೂರನ್ನೂ ನೋಡಿಕೊಳ್ಳಬಹುದು.

“ಹೊಸದು, ಮಕ್ಕಳಿಗೆ ಕಷ್ಟ ಆಗುವುದಿಲ್ವಾ” ಅನ್ನುವವರಿಗೆ ಒಂದು ಮಾತು. ತಲಪಾಡಿ ದಾಟಿದರೆ ಆ ಕಡೆ ಕಾಸರಗೋಡಿನ ಕನ್ನಡ ಮಾಧ್ಯಮದ ಸರಕಾರಿ ಶಾಲೆ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಉಬುಂಟು ಮೇಲೆ ಕಟ್ಟಿದ ಕೈಟ್ ಲಿನಕ್ಸಿನಲ್ಲಿ. ಕೇರಳದ ಶಾಲೆಗಳಲ್ಲಿ ಅದು ಮಾಮೂಲು. ಮಂಜೇಶ್ವರದಿಂದ ಮಂಗಳೂರಿನ ಕಾಲೇಜಿಗೆ ಬರುವ ಹುಡುಗಿಗೆ ಟರ್ಮಿನಲ್ ಕಂಡರೆ ಭಯ ಇರುವುದಿಲ್ಲ.

ವಾಪಸ್ ಬರುವುದು ಎಷ್ಟು ಸುಲಭ

ಬೇಡ ಅನ್ನಿಸಿದರೆ ತೆಗೆಯುವುದು ಹೇಗೆ ಅನ್ನುವುದನ್ನೂ ಹೋಲಿಸಿಯೇ ಆರಿಸಬೇಕು. ಡಬ್ಲ್ಯೂಎಸ್‌ಎಲ್ ಒಂದು ಕಮಾಂಡಿಗೆ ಹೋಗುತ್ತದೆ. ವರ್ಚುವಲ್ ಮಷೀನ್ ಅಳಿಸಿದರೆ ಮುಗಿಯಿತು. ಎರಡನೇ ಡಿಸ್ಕ್ ಆದರೆ ಸ್ಕ್ರೂ ಬಿಚ್ಚಿ ತೆಗೆಯಿರಿ, ವಿಂಡೋಸಿಗೆ ಗೊತ್ತೇ ಆಗುವುದಿಲ್ಲ. ಕಷ್ಟ ಇರುವುದು ಒಂದೇ ಡಿಸ್ಕಿನ ಪಾಲಿನಲ್ಲಿ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಲಿನಕ್ಸ್ ಪಾರ್ಟಿಷನ್ ಅಳಿಸಿದ ಕೂಡಲೇ ಕೆಲಸ ಆಯ್ತು ಅಂತ ಜನ ರೀಸ್ಟಾರ್ಟ್ ಮಾಡುತ್ತಾರೆ. ಕಪ್ಪು ಪರದೆಯಲ್ಲಿ ಗ್ರಬ್ ಅಂತ ಬರೆದು ಕರ್ಸರ್ ಮಿನುಗುತ್ತಾ ಇರುತ್ತದೆ. ಗ್ರಬ್‌ನ ಅರ್ಧ ಭಾಗ ಇಎಫ್‌ಐ ಪಾರ್ಟಿಷನಿನಲ್ಲಿ ಉಳಿದಿದೆ, ಇನ್ನರ್ಧ ಅಳಿಸಿದ ಪಾರ್ಟಿಷನಿನ ಜೊತೆ ಹೋಗಿದೆ. ವಿಂಡೋಸ್ ಹೋಯಿತು ಅಂತ ಅಂಗಡಿಗೆ ಓಡಿ ಪೂರ್ತಿ ಫಾರ್ಮ್ಯಾಟ್ ಮಾಡಿಸಿಕೊಳ್ಳಬೇಡಿ. ವಿಂಡೋಸ್ ಅಲ್ಲೇ ಇದೆ. ಮಷೀನ್ ಆಫ್ ಮಾಡಿ ಆನ್ ಮಾಡುವಾಗ ಬೂಟ್ ಮೆನುವಿನ ಕೀ ಒತ್ತಿ, ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿ. ಎದ್ದು ಬರುತ್ತದೆ. ಆಮೇಲೆ ಬಯೋಸಿಗೆ ಹೋಗಿ ಅದನ್ನೇ ಪಟ್ಟಿಯ ಮೇಲಕ್ಕೆ ತಂದು ಸೇವ್ ಮಾಡಿ. ಈ ಕ್ರಮ ಬದಲಾವಣೆಯನ್ನು ಪಾರ್ಟಿಷನ್ ಅಳಿಸುವ ಮೊದಲೇ ಮಾಡಿಕೊಂಡರೆ ಕಪ್ಪು ಪರದೆ ಬರುವುದೇ ಇಲ್ಲ.